ಶೇಂಗಾದ ಬೂಷ್ಟು ವಿಷ: ಆಹಾರ ಕಾಯಿದೆ ಏನು ಹೇಳುತ್ತದೆ, ರೈತರು ಏನು ಮಾಡಬೇಕು?

ಶೇಂಗಾ ಚೀಲಗಳನ್ನು ಪೇಟೆಗೆ ಒಯ್ದಾಗ ಖರೀದಿದಾರರು ಸಾಮಾನ್ಯವಾಗಿ ಮೂರು ಸಂಗತಿಗಳನ್ನು ನೋಡುತ್ತಾರೆ. ಕಾಯಿ ತುಂಬಿದೆಯೇ, ಚೆನ್ನಾಗಿ ಒಣಗಿದೆಯೇ, ಮಣ್ಣು ಕಲ್ಲು ಎಷ್ಟು ಸೇರಿದೆ? ಈ ಮೂರನ್ನೂ ಕಣ್ಣಿನಿಂದ, ಕೈಯಿಂದ ತಿಳಿಯಬಹುದು. ಆದರೆ ತಿನ್ನುವ ಬೀಜ, ಚಿಕ್ಕಿ, ಚಟ್ನಿ ಪುಡಿ ಹಾಗೂ ರಫ್ತಿಗಾಗಿ ಕೊಳ್ಳುವವರಿಗೆ ನಾಲ್ಕನೆಯ ಸಂಗತಿಯೂ ಮುಖ್ಯ. ಅದು ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೂ ತಿಳಿಯುವುದಿಲ್ಲ. ಅದೇ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ.

ಸಾರ್ವಜನಿಕರಿಗೆ ಮಾರುವ ಆಹಾರದಲ್ಲಿ ಈ ವಿಷ ಎಷ್ಟಕ್ಕಿಂತ ಹೆಚ್ಚಿರಬಾರದು ಎಂಬುದನ್ನು ಕಾಯಿದೆ ಗೊತ್ತುಪಡಿಸಿದೆ. ಈ ಕಾಯಿದೆ ರೈತರಿಗೆ ಎಲ್ಲಿಯವರೆಗೆ ತಗಲುತ್ತದೆ, ಎಲ್ಲಿ ತಗಲುವುದಿಲ್ಲ, ತಗಲದ ಕಡೆ ಅವರ ಹೊಣೆ ಏನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಕಲಬೆರಕೆ ಬೇರೆ, ಕಲ್ಮಷ ಬೇರೆ

ಹಾಲಿಗೆ ನೀರು ಬೆರೆಸುವುದು, ಮೆಣಸಿಗೆ ಪಪ್ಪಾಯಿ ಬೀಜ ಸೇರಿಸುವುದು ಕಲಬೆರಕೆ. ಅದನ್ನು ಯಾರೋ ಬೇಕೆಂದೇ ಮಾಡಿರುತ್ತಾರೆ. ಕಲ್ಮಷ ಹಾಗಲ್ಲ. ಬೆಳೆಯುವಾಗ, ಒಣಗಿಸುವಾಗ, ಸಂಗ್ರಹಿಸುವಾಗ, ಸಾಗಿಸುವಾಗ ಅಥವಾ ಸುತ್ತಲಿನ ಮಣ್ಣು, ನೀರು, ಗಾಳಿಯಿಂದ ಆಹಾರದಲ್ಲಿ ಸೇರಿಕೊಂಡ ಅನಪೇಕ್ಷಿತ ವಸ್ತುವೇ ಕಲ್ಮಷ. ಯಾರೂ ಬೇಕೆಂದು ಸೇರಿಸಿರುವುದಿಲ್ಲ. ಸೀಸ, ಕ್ಯಾಡ್ಮಿಯಂನಂತಹ ಭಾರ ಲೋಹಗಳು, ಬೂಷ್ಟಿನ ವಿಷಗಳು ಈ ಗುಂಪಿಗೆ ಸೇರುತ್ತವೆ. ಯಾರದೂ ದುರುದ್ದೇಶವಿಲ್ಲ ಎಂದ ಮಾತ್ರಕ್ಕೆ ತಿಂದವರಿಗೆ ಹಾನಿ ಕಡಿಮೆಯಾಗುವುದಿಲ್ಲವಾದ್ದರಿಂದ ಕಾಯಿದೆ ಕಲ್ಮಷಕ್ಕೂ ಮಿತಿ ಹಾಕಿದೆ.

ಈ ವಿಷ ಗೊತ್ತಾದದ್ದು ಹೇಗೆ?

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿ ಮರಿಗಳು ಕಾರಣ ತಿಳಿಯದ ಕಾಯಿಲೆಯಿಂದ ಸತ್ತವು. ಹುಡುಕುತ್ತಾ ಹೋದಾಗ ಬ್ರೆಜಿಲ್ ದೇಶದಿಂದ ತರಿಸಿ ಮೇವಿಗೆ ಬೆರೆಸಿದ್ದ ಶೇಂಗಾ ಹಿಂಡಿಯೇ ಕಾರಣವೆಂದು ತಿಳಿಯಿತು. ಆ ಹಿಂಡಿಯಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಸಿರು ಹಳದಿ ಬಣ್ಣದ ಬೂಷ್ಟು ಬೆಳೆದಿತ್ತು. ಅದು ಉತ್ಪಾದಿಸಿದ ವಿಷಕ್ಕೆ ಆ ಬೂಷ್ಟಿನ ಹೆಸರಿನಿಂದಲೇ ಅಫ್ಲಾಟಾಕ್ಸಿನ್ ಎಂಬ ಹೆಸರು ಬಂದಿತು.

ನಮ್ಮ ದೇಶದಲ್ಲಿಯೇ ಇದಕ್ಕಿಂತ ಘೋರವಾದ ಅನಾಹುತ 1974ರಲ್ಲಿ ನಡೆಯಿತು. ಗುಜರಾತಿನ ಪಂಚಮಹಲ್ ಮತ್ತು ರಾಜಸ್ಥಾನದ ಬನ್ಸ್‌ವಾರಾ ಜಿಲ್ಲೆಗಳ ಹಳ್ಳಿಗಳಲ್ಲಿ ಅಕಾಲಿಕ ಮಳೆಗೆ ನೆನೆದ ಮೆಕ್ಕೆಜೋಳವನ್ನು ಜನ ತಿಂದರು. ಬಡವರಿಗೆ ಬೇರೆ ಕಾಳು ಇರಲಿಲ್ಲ. ಕಾಮಾಲೆ ಬಂದು ಹೊಟ್ಟೆಯಲ್ಲಿ ನೀರು ತುಂಬಿ 397 ಜನ ಕಾಯಿಲೆ ಬಿದ್ದರು. ಅವರಲ್ಲಿ 106 ಜನ ತೀರಿಕೊಂಡರು. ಅದೇ ಕಾಳು ತಿಂದ ಮನೆಯ ನಾಯಿಗಳೂ ಸತ್ತವು. ಆ ಜೋಳದ ಒಂದು ಕಿಲೊದಲ್ಲಿ 6,250ರಿಂದ 15,600 ಮೈಕ್ರೋಗ್ರಾಂವರೆಗೆ ಅಫ್ಲಾಟಾಕ್ಸಿನ್ ಇತ್ತೆಂದು ಪರೀಕ್ಷೆಯಿಂದ ಕಂಡುಬಂದಿತು.

ಅಷ್ಟೊಂದು ವಿಷ ಒಮ್ಮೆಗೇ ಹೊಟ್ಟೆಗೆ ಹೋಗುವುದು ಅಪರೂಪ. ಆದರೆ ಸ್ವಲ್ಪ ಸ್ವಲ್ಪವಾಗಿ ವರ್ಷಗಟ್ಟಲೆ ಹೋದರೂ ಅಪಾಯವಿದೆ. ಅಫ್ಲಾಟಾಕ್ಸಿನ್ ಮನುಷ್ಯನಲ್ಲಿ ಯಕೃತ್ತಿನ ಕ್ಯಾನ್ಸರ್ ಉಂಟುಮಾಡುತ್ತದೆಂಬುದು ಖಚಿತವಾಗಿದೆ. ಕುದಿಸುವುದರಿಂದ ಈ ವಿಷ ಹೋಗುವುದಿಲ್ಲ. ಹುರಿದರೆ ಸ್ವಲ್ಪ ಕಡಿಮೆಯಾದೀತು, ಪೂರ್ತಿ ಹೋಗುವುದಿಲ್ಲ.

ಕಾಯಿದೆ ಹಾಕಿರುವ ಮಿತಿ

ಆಹಾರ ಕಲಬೆರಕೆ ತಡೆ ಕಾಯಿದೆ 1954ರದು. ಅದರ ನಿಯಮಗಳಲ್ಲಿ ಒಂದು ಕಿಲೊ ಆಹಾರದಲ್ಲಿ 30 ಮೈಕ್ರೋಗ್ರಾಂ ಅಫ್ಲಾಟಾಕ್ಸಿನ್ ಮೀರಬಾರದೆಂದು ಇತ್ತು. ಆ ಕಾಯಿದೆಯ ಬದಲಿಗೆ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ, 2006 ಬಂದಿತು. ಅದು 2011ರ ಆಗಸ್ಟ್ 5ರಿಂದ ಜಾರಿಯಲ್ಲಿದೆ. ಅದರ 20ನೆಯ ಕಲಮಿನ ಪ್ರಕಾರ, ನಿಯಮಗಳಲ್ಲಿ ಹೇಳಿದ ಪ್ರಮಾಣಕ್ಕಿಂತ ಹೆಚ್ಚು ಕಲ್ಮಷವಾಗಲೀ ನೈಸರ್ಗಿಕ ವಿಷವಾಗಲೀ ಭಾರ ಲೋಹವಾಗಲೀ ಯಾವ ಆಹಾರದಲ್ಲಿಯೂ ಇರಬಾರದು. ಕೀಟನಾಶಕದ ಶೇಷಾಂಶದ ವಿಷಯ 21ನೆಯ ಕಲಮಿನಲ್ಲಿದೆ.

2011ರ ನಿಯಮಾವಳಿ ಮುಂದೆ ತಿದ್ದುಪಡಿಯಾಗಿ ಮಿತಿಗಳು ಬಿಗಿಯಾದವು. ಒಂದು ಕಿಲೊ ಆಹಾರದಲ್ಲಿ ಇರಬಹುದಾದ ಗರಿಷ್ಠ ಪ್ರಮಾಣ ಹೀಗಿದೆ:

ಏಕದಳ ಧಾನ್ಯ ಮತ್ತು ಬೇಳೆಕಾಳು: 15 ಮೈಕ್ರೋಗ್ರಾಂ
ಮುಂದೆ ಸಂಸ್ಕರಿಸಲಿರುವ ಎಣ್ಣೆಬೀಜ: 15 ಮೈಕ್ರೋಗ್ರಾಂ
ನೇರವಾಗಿ ತಿನ್ನಲು ಸಿದ್ಧವಾದ ಎಣ್ಣೆಬೀಜ: 10 ಮೈಕ್ರೋಗ್ರಾಂ
ಸಾಂಬಾರ ಪದಾರ್ಥ: 30 ಮೈಕ್ರೋಗ್ರಾಂ
ಹಾಲು (ಅಫ್ಲಾಟಾಕ್ಸಿನ್ ಎಂ-1): 0.5 ಮೈಕ್ರೋಗ್ರಾಂ

ಯುರೋಪಿನ ದೇಶಗಳು ಇನ್ನೂ ಬಿಗಿ. ನೇರವಾಗಿ ತಿನ್ನುವ ಶೇಂಗಾದಲ್ಲಿ ಅವರು ಒಪ್ಪುವುದು ಕಿಲೊಗೆ 4 ಮೈಕ್ರೋಗ್ರಾಂ ಮಾತ್ರ. ಇಲ್ಲಿ ಪಾಸಾದ ಮಾಲು ಅಲ್ಲಿ ಫೇಲಾಗುವುದು ಇದರಿಂದಲೇ.

15 ಮೈಕ್ರೋಗ್ರಾಂ ಎಂದರೆ ಎಷ್ಟು?

ಒಂದು ಗ್ರಾಂನ ಹತ್ತು ಲಕ್ಷದ ಒಂದು ಪಾಲು ಒಂದು ಮೈಕ್ರೋಗ್ರಾಂ. 10 ಟನ್ ಶೇಂಗಾ ಬೀಜ ತುಂಬಿದ ಒಂದು ಲಾರಿಯನ್ನು ಎಣಿಸಿಕೊಳ್ಳಿ. ಇಡೀ ಲಾರಿಯ ಮಾಲಿನಲ್ಲಿ ಒಟ್ಟು 0.15 ಗ್ರಾಂ ವಿಷ ಇದ್ದರೆ ಅದು ಮಿತಿಯ ಅಂಚಿಗೆ ಬಂದಂತೆ. ಒಂದು ಚಿಟಿಕೆ ಉಪ್ಪಿಗಿಂತಲೂ ಕಡಿಮೆ.

ಈ ವಿಷ ಎಲ್ಲಾ ಬೀಜಗಳಲ್ಲಿ ಸಮವಾಗಿ ಹರಡಿರುವುದಿಲ್ಲ. ಸಾವಿರ ಬೀಜಗಳಲ್ಲಿ ಒಂದೆರಡರಲ್ಲಿ ಮಾತ್ರ ಇರಬಹುದು. ಆದರೆ ಅವುಗಳಲ್ಲಿ ವಿಪರೀತ ಇರುತ್ತದೆ. ತೀವ್ರವಾಗಿ ಬೂಷ್ಟು ಹಿಡಿದ ಬೀಜದಲ್ಲಿ ಕಿಲೊಗೆ ಹತ್ತು ಲಕ್ಷ ಮೈಕ್ರೋಗ್ರಾಂ ಲೆಕ್ಕದಲ್ಲಿ ವಿಷ ಕಂಡುಬಂದಿರುವುದುಂಟು. ಅಂತಹ ಬೀಜದ ತೂಕ 0.4 ಗ್ರಾಂ ಎಂದಿಟ್ಟುಕೊಂಡರೆ ಅದೊಂದರಲ್ಲಿಯೇ 400 ಮೈಕ್ರೋಗ್ರಾಂ ಆಯಿತು. ಆ ಒಂದು ಬೀಜ ಸುಮಾರು 26 ಕಿಲೊ ಶುದ್ಧ ಬೀಜವನ್ನು 15ರ ಮಿತಿಯ ಅಂಚಿಗೆ ತರಲು ಸಾಕು. ಆದುದರಿಂದಲೇ ಕೆಟ್ಟ ಬೀಜ ಆರಿಸಿ ತೆಗೆಯುವುದಕ್ಕೆ ಇಷ್ಟು ಬೆಲೆ.

ಇದರಿಂದ ಇನ್ನೊಂದು ವಿಷಯವೂ ಸ್ಪಷ್ಟವಾಗುತ್ತದೆ. ಒಂದು ಹಿಡಿ ಬೀಜ ತೆಗೆದು ಪರೀಕ್ಷಿಸಿದರೆ ಏನೂ ತಿಳಿಯುವುದಿಲ್ಲ. ಯುರೋಪಿನ ಕ್ರಮದಲ್ಲಿ ಶೇಂಗಾದ ದೊಡ್ಡ ಲಾಟಿನ ಹಲವು ಕಡೆಗಳಿಂದ ಸ್ವಲ್ಪ ಸ್ವಲ್ಪ ತೆಗೆದು ಒಟ್ಟು 20 ಕಿಲೊ ಮಾದರಿ ಮಾಡುತ್ತಾರೆ. ನೀವು ಪರೀಕ್ಷೆಗೆ ಕಳಿಸುವುದಾದರೂ ಪ್ರತಿ ಚೀಲದಿಂದ ಮೇಲೆ, ನಡುವೆ, ಕೆಳಗೆ ತೆಗೆದು ಬೆರೆಸಿ ಕಳಿಸಿ. ಒಬ್ಬ ರೈತನಿಗೆ ಪರೀಕ್ಷೆಯ ಖರ್ಚು ಹೊರೆಯಾದೀತು. ರೈತ ಉತ್ಪಾದಕರ ಸಂಘದ ಮೂಲಕ ಮಾಲು ಒಟ್ಟುಮಾಡಿ ಮಾಡಿಸಿದರೆ ಹಗುರ.

ಕಾಯಿದೆ ಜಾರಿಯಾಗುವುದು ಹೇಗೆ?

ಆಹಾರ ಸುರಕ್ಷತಾಧಿಕಾರಿಯವರು ಅಂಗಡಿ, ಗೋದಾಮು, ಕಾರ್ಖಾನೆಗಳಿಂದ ಮಾದರಿ ತೆಗೆಯುತ್ತಾರೆ. ಮಾದರಿಯನ್ನು ನಾಲ್ಕು ಭಾಗ ಮಾಡಿ ಒಂದನ್ನು ಆಹಾರ ವಿಶ್ಲೇಷಕರಿಗೆ ಕಳಿಸಲಾಗುತ್ತದೆ. ಎರಡು ಭಾಗ ಅಂಕಿತಾಧಿಕಾರಿಯವರ ಬಳಿ ಭದ್ರವಾಗಿರುತ್ತವೆ. ವ್ಯಾಪಾರಿ ಕೇಳಿಕೊಂಡರೆ ನಾಲ್ಕನೆಯದನ್ನು ಮಾನ್ಯತೆ ಪಡೆದ ಬೇರೆ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ವಿಶ್ಲೇಷಕರು ಮಾದರಿ ತಲುಪಿದ 14 ದಿನಗಳೊಳಗೆ ವರದಿ ಕೊಡಬೇಕು. ವರದಿ ಒಪ್ಪಿಗೆಯಾಗದಿದ್ದರೆ ವ್ಯಾಪಾರಿ ಮೇಲ್ಮನವಿ ಸಲ್ಲಿಸಬಹುದು. ಅಸುರಕ್ಷಿತ ಆಹಾರದಿಂದ ಸಾವು ಸಂಭವಿಸಿದರೆ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಸೆರೆವಾಸ ಹಾಗೂ 10 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡವಿದೆ.

ಕೊಳ್ಳುವವರಿಗೂ ಹಕ್ಕಿದೆ. 40ನೆಯ ಕಲಮಿನ ಪ್ರಕಾರ ತಾನು ಕೊಂಡ ಆಹಾರವನ್ನು ಯಾರೇ ಆಗಲಿ ನಿಗದಿಯಾದ ಶುಲ್ಕ ಕೊಟ್ಟು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ನೀವು ಅಂಗಡಿಯಿಂದ ತಂದ ಪದಾರ್ಥಕ್ಕೂ ಈ ಹಕ್ಕು ಅನ್ವಯಿಸುತ್ತದೆ.

ರೈತರಿಗೆ ಈ ಕಾಯಿದೆ ತಗಲುತ್ತದೆಯೇ?

ಹಲವರು ಕೇಳುವ ಪ್ರಶ್ನೆ ಇದು. ಉತ್ತರ ಕಾಯಿದೆಯಲ್ಲಿಯೇ ಇದೆ. 18ನೆಯ ಕಲಮಿನ ಪ್ರಕಾರ ರೈತ, ಬೇಸಾಯದ ಕೆಲಸ, ನಿಂತ ಬೆಳೆ, ರೈತ ತನ್ನ ಹೊಲದ ಮಟ್ಟದಲ್ಲಿ ಬೆಳೆದ ಫಸಲು, ಇವುಗಳಿಗೆ ಈ ಕಾಯಿದೆ ಅನ್ವಯಿಸುವುದಿಲ್ಲ. ಬೆಳೆದ ಫಸಲು ರೈತನಲ್ಲದ ಬೇರೊಬ್ಬರ ಕೈಗೆ ಹೋದ ಮೇಲೆ ಮಾತ್ರ ಅದು ಕಾಯಿದೆಯ ದೃಷ್ಟಿಯಲ್ಲಿ ಆಹಾರವಾಗುತ್ತದೆ. ನಿಮ್ಮ ಕಣದಲ್ಲಿರುವ ಶೇಂಗಾ ರಾಶಿಯ ಮೇಲೆ ಮೊಕದ್ದಮೆ ಹೂಡಲು ಬರುವುದಿಲ್ಲ.

ಆದರೆ ಎರಡು ಮಾತು ನೆನಪಿರಲಿ. ಮೊದಲನೆಯದು, ನೀವು ಗಾಣ ಹಾಕಿ ಎಣ್ಣೆ ಮಾರಿದರೆ, ಚಿಕ್ಕಿ ಕಟ್ಟಿದರೆ, ಶೇಂಗಾ ಪುಡಿ ಪೊಟ್ಟಣ ಮಾಡಿ ಮಾರಿದರೆ ಆಗ ನೀವು ಆಹಾರ ವ್ಯಾಪಾರಿಯೇ. ವ್ಯಾಪಾರದ ಗಾತ್ರಕ್ಕೆ ತಕ್ಕಂತೆ ನೋಂದಣಿ ಅಥವಾ ಪರವಾನಗಿ ಪಡೆಯಬೇಕು, ಮೇಲಿನ ಮಿತಿಗಳನ್ನೆಲ್ಲ ಪಾಲಿಸಬೇಕು. ಸ್ತ್ರೀಶಕ್ತಿ ಸಂಘಗಳೂ ಇದನ್ನು ಗಮನಿಸಬೇಕು.

ಎರಡನೆಯದು, ದಂಡ ನಿಮಗೆ ಬಾರದಿದ್ದರೂ ನಷ್ಟ ಬರುತ್ತದೆ. ಮಾಲು ಫೇಲಾದರೆ ಕಾರ್ಖಾನೆಯವರು ವರ್ತಕರಿಗೆ ಹಿಂತಿರುಗಿಸುತ್ತಾರೆ. ಅಂತಹ ಅಪಾಯವನ್ನು ವರ್ತಕರು ಮೊದಲೇ ಲೆಕ್ಕ ಹಾಕಿ ದರ ಇಳಿಸುತ್ತಾರೆ. ಕಾಯಿದೆಯ ಪರೀಕ್ಷೆ ಅಂಗಡಿಯಲ್ಲಿ ನಡೆದರೂ ವಿಷ ಹುಟ್ಟುವುದು ಹೊಲದಲ್ಲಿ, ಕಣದಲ್ಲಿ, ಮನೆಯ ಮೂಲೆಯಲ್ಲಿ. ಒಮ್ಮೆ ಹುಟ್ಟಿದ ವಿಷವನ್ನು ಬೀಜದಿಂದ ತೆಗೆಯಲು ರೈತರ ಮಟ್ಟದಲ್ಲಿ ಯಾವ ಉಪಾಯವೂ ಇಲ್ಲ. ಹುಟ್ಟದಂತೆ ತಡೆಯುವುದೊಂದೇ ದಾರಿ.

ಹೊಲದಲ್ಲಿ ವಹಿಸಬೇಕಾದ ಎಚ್ಚರ

ಈ ಬೂಷ್ಟು ಮಣ್ಣಿನಲ್ಲಿಯೇ ಇರುತ್ತದೆ. ಕಾಯಿ ಬಲಿಯುವ ಕೊನೆಯ 30ರಿಂದ 45 ದಿನಗಳಲ್ಲಿ ಮಳೆ ಹೋಗಿ ನೆಲ ಕಾದರೆ ಕಾಯಿಯೊಳಕ್ಕೆ ಸೇರಿಕೊಳ್ಳುತ್ತದೆ. ಚಳ್ಳಕೆರೆ, ಪಾವಗಡದಂತಹ ಒಣ ಸೀಮೆಯಲ್ಲಿ ಮಳೆಯಾಶ್ರಯದ ಶೇಂಗಾಕ್ಕೆ ಈ ಅಪಾಯ ಹೆಚ್ಚು.

1. ವರ್ಷ ವರ್ಷವೂ ಶೇಂಗಾದ ಮೇಲೆ ಶೇಂಗಾ ಹಾಕಬೇಡಿ. ರಾಗಿ, ಜೋಳ, ಸಜ್ಜೆಯೊಡನೆ ಬೆಳೆ ಬದಲಿಸಿ.

2. ಕೊಟ್ಟಿಗೆ ಗೊಬ್ಬರ ಹಾಕಿ ಮಣ್ಣಿನಲ್ಲಿ ತೇವ ನಿಲ್ಲುವಂತೆ ಮಾಡಿ. ಬೀಜಕ್ಕೆ ಟ್ರೈಕೋಡರ್ಮಾ ಲೇಪಿಸಿ ಬಿತ್ತಿ.

3. ಹೂ ಬಿಡುವ ಹೊತ್ತಿಗೆ ಎಕರೆಗೆ 200 ಕಿಲೊ ಜಿಪ್ಸಂ ಹಾಕಿ ಮಣ್ಣಿಗೆ ಸೇರಿಸಿ. ಸುಣ್ಣದ ಅಂಶ ಸಿಕ್ಕರೆ ಕಾಯಿಯ ಸಿಪ್ಪೆ ಗಟ್ಟಿಯಾಗುತ್ತದೆ.

4. ಬಾವಿ ಅಥವಾ ಕೃಷಿ ಹೊಂಡದ ನೀರಿದ್ದರೆ ಕೊನೆಯ ತಿಂಗಳಿನ ಬರಗಾಲಕ್ಕೆ ಒಂದು ನೀರನ್ನು ಉಳಿಸಿಕೊಳ್ಳಿ.

5. ಗೆದ್ದಲು ಮತ್ತು ಗೊಣ್ಣೆ ಹುಳುವನ್ನು ಹತೋಟಿಯಲ್ಲಿಡಿ. ಅವು ಕೊರೆದ ತೂತೇ ಬೂಷ್ಟಿಗೆ ಬಾಗಿಲು.

ಕೀಳುವಾಗ ಮತ್ತು ಒಣಗಿಸುವಾಗ

ಅಲ್ಲಲ್ಲಿ ನಾಲ್ಕಾರು ಗಿಡ ಕಿತ್ತು ಕಾಯಿ ಒಡೆದು ನೋಡಿ. ನೂರಕ್ಕೆ 75ರಿಂದ 80 ಕಾಯಿಗಳ ಸಿಪ್ಪೆಯ ಒಳಮೈ ಕಂದು ಕಪ್ಪು ಬಣ್ಣಕ್ಕೆ ತಿರುಗಿದ್ದರೆ ಕೀಳಲು ತಕ್ಕ ಸಮಯ. ಕೂಲಿ ಸಿಗಲಿಲ್ಲವೆಂದು ತಡಮಾಡಿದರೆ ಬಲಿತು ಮೀರಿದ ಕಾಯಿಗೆ ಬೂಷ್ಟು ಬೇಗ ಹಿಡಿಯುತ್ತದೆ.

ಕಿತ್ತ ಗಿಡಗಳನ್ನು ಕಾಯಿ ಮೇಲಾಗುವಂತೆ ತಿರುಗಿಸಿ ಸಾಲಾಗಿ ಹರಡಿ. ಹಸಿ ಗಿಡಗಳನ್ನು ದೊಡ್ಡ ಬಣವೆ ಒಟ್ಟಬೇಡಿ. ಒಳಗೆ ಕಾವು ಹುಟ್ಟಿ ಬೂಷ್ಟು ಬೆಳೆಯುತ್ತದೆ. ಅವಧಿಗೆ ಮುನ್ನವೇ ಒಣಗಿ ಸತ್ತ ಗಿಡಗಳ ಕಾಯಿಯನ್ನು ಬೇರೆಯಾಗಿ ಬಿಡಿಸಿ. ಕೀಳುವಾಗ ಮಣ್ಣಿನಲ್ಲಿ ಉಳಿದು ಆಮೇಲೆ ಹೆಕ್ಕಿದ ಕಾಯಿಗಳನ್ನು ಒಳ್ಳೆಯ ರಾಶಿಗೆ ಸೇರಿಸಲೇಬೇಡಿ.

ಕಾಯಿಯ ತೇವಾಂಶ ನೂರಕ್ಕೆ 8ಕ್ಕೆ ಇಳಿಯುವವರೆಗೆ ಒಣಗಿಸಬೇಕು. ಯಂತ್ರವಿಲ್ಲದಿದ್ದರೂ ತಿಳಿಯಬಹುದು. ಕಾಯಿ ಅಲ್ಲಾಡಿಸಿದರೆ ಬೀಜ ಗಲಗಲ ಎನ್ನಬೇಕು, ಬೆರಳಿನಿಂದ ಉಜ್ಜಿದರೆ ಬೀಜದ ಕೆಂಪು ಸಿಪ್ಪೆ ಬಿಡಬೇಕು. ಸಿಮೆಂಟು ಕಣ ಅಥವಾ ತಾಡಪತ್ರಿಯ ಮೇಲೆ ತೆಳ್ಳಗೆ ಹರಡಿ. ಸಂಜೆ ಮಂಜಿಗೆ ಮುಂಚೆ ಒಟ್ಟುಮಾಡಿ ಮುಚ್ಚಿ, ಬೆಳಿಗ್ಗೆ ಮತ್ತೆ ಹರಡಿ.

ಯಂತ್ರದಲ್ಲಿ ಸುಲಿಯುವಾಗ ಬೀಜ ಒಡೆಯಬಾರದೆಂದು ಕಾಯಿಗೆ ನೀರು ಚಿಮುಕಿಸುವ ರೂಢಿ ಹಲವೆಡೆ ಇದೆ. ತೂಕವೂ ಸ್ವಲ್ಪ ಹೆಚ್ಚುತ್ತದೆ. ಆದರೆ ಅದುವರೆಗೆ ಪಟ್ಟ ಶ್ರಮವೆಲ್ಲ ಆ ಒಂದು ಕೊಡ ನೀರಿನಲ್ಲಿ ಹಾಳಾಗುತ್ತದೆ. ಸಾಧ್ಯವಾದಷ್ಟೂ ಕಾಯಿಯಾಗಿಯೇ ಇಡಿ, ಬೇಕಾದಾಗ ಒಣಗಿದ್ದನ್ನೇ ಸುಲಿಸಿ.

ಚೀಲಗಳನ್ನು ನೆಲಕ್ಕೆ, ಗೋಡೆಗೆ ತಾಗದಂತೆ ಮರದ ಹಲಗೆಯ ಮೇಲೆ ಜೋಡಿಸಿ. ಹೊಸ ಚೀಲ ಅಥವಾ ಒಗೆದು ಒಣಗಿಸಿದ ಚೀಲ ಬಳಸಿ. ಮಾಡು ಸೋರದಂತೆ, ಗಾಳಿ ಆಡುವಂತೆ ನೋಡಿಕೊಳ್ಳಿ.

ಹಿಂಡಿಯಿಂದ ಹಾಲಿಗೆ

ಶೇಂಗಾ ಅರೆದಾಗ ವಿಷದ ಬಹುಪಾಲು ಹಿಂಡಿಯಲ್ಲಿ ಉಳಿಯುತ್ತದೆ. ಗಾಣದ ಎಣ್ಣೆಗೂ ಸ್ವಲ್ಪ ಸೇರುತ್ತದೆ. ಆ ಹಿಂಡಿ ತಿಂದ ಹಸುವಿನ ದೇಹದಲ್ಲಿ ವಿಷ ರೂಪ ಬದಲಿಸಿ, ಎಂ-1 ಎಂಬ ಹೆಸರಿನಲ್ಲಿ ಹಾಲಿಗೆ ಇಳಿಯುತ್ತದೆ. ಕಾಯಿಸಿದರೂ ಅದು ಹೋಗುವುದಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ ಪರೀಕ್ಷಿಸಿದ 6,432 ಹಾಲಿನ ಮಾದರಿಗಳಲ್ಲಿ 368ರಲ್ಲಿ ಎಂ-1 ಮಿತಿ ಮೀರಿತ್ತು. ನೀರು ಬೆರೆಸಿದ ದೋಷವಲ್ಲ ಇದು, ಮೇವಿನ ದೋಷ. ಬೂಷ್ಟು ಹಿಡಿದ ಹಿಂಡಿ, ಮುಗ್ಗಿದ ಮೆಕ್ಕೆಜೋಳ ದನಕ್ಕೆ ಹಾಕಬೇಡಿ.

ಆರಿಸಿ ತೆಗೆದದ್ದು ಎಲ್ಲಿಗೆ ಹೋಗುತ್ತದೆ?

ಒಳ್ಳೆಯ ಬೀಜ ಪೇಟೆಗೆ ಹೋಗುತ್ತದೆ. ಸುಕ್ಕುಗಟ್ಟಿದ, ಬಣ್ಣಗೆಟ್ಟ, ಹುಳು ಕೊರೆದ ಬೀಜ ಮತ್ತು ಹೆಕ್ಕಿದ ಕಾಯಿ ಮನೆಯಲ್ಲಿ ಉಳಿಯುತ್ತವೆ. ಬಿಸಾಡಲು ಮನಸ್ಸು ಬಾರದೆ ಅವು ಚಟ್ನಿ ಪುಡಿಯಾಗುತ್ತವೆ, ಮಕ್ಕಳ ಕೈಗೆ ಹುರಿದ ಬೀಜವಾಗಿ ಬರುತ್ತವೆ, ಉಳಿದದ್ದು ಹಸುವಿಗೆ. ಪೇಟೆಯಲ್ಲಿ ಕೊಳ್ಳುವವರನ್ನು ಕಾಯಲು ಅಧಿಕಾರಿಯಿದ್ದಾರೆ, ವಿಶ್ಲೇಷಕರಿದ್ದಾರೆ, ನ್ಯಾಯಾಲಯವಿದೆ. ರೈತರ ಅಡುಗೆಮನೆಗೆ ಅವರಾರೂ ಬರುವುದಿಲ್ಲ. ಕಾಯಿದೆ ನಿಮ್ಮನ್ನು ಬಿಟ್ಟಿದೆ ಎಂಬುದಕ್ಕೆ ಹೀಗೂ ಒಂದು ಅರ್ಥವಿದೆ. 1974ರಲ್ಲಿ ಸತ್ತವರು ಅಂಗಡಿಯ ಆಹಾರ ತಿಂದು ಸಾಯಲಿಲ್ಲ, ಮನೆಯಲ್ಲಿಟ್ಟ ಕಾಳು ತಿಂದು ಸತ್ತರು.

ಆದುದರಿಂದ ಆರಿಸಿ ತೆಗೆದ ಕೆಟ್ಟ ಬೀಜವನ್ನು ತಿನ್ನಬೇಡಿ, ದನಕ್ಕೆ ಹಾಕಬೇಡಿ, ಗಾಣಕ್ಕೂ ಕೊಡಬೇಡಿ. ಆಳವಾದ ಗುಂಡಿಯಲ್ಲಿ ಹೂಳಿ ಅಥವಾ ಸುಟ್ಟುಬಿಡಿ. ಹತ್ತು ಕ್ವಿಂಟಲಿನಲ್ಲಿ ಹತ್ತು ಕಿಲೊ ಹೋದರೂ ಉಳಿದ ಮಾಲಿಗೆ ಅದರಿಂದ ರಕ್ಷಣೆ ಸಿಗುತ್ತದೆ.

ರೈತ ಬಾಂಧವರೇ, ಈ ಸಲ ಕಾಯಿ ಸುಲಿಯುವಾಗ ಮೊರದ ಪಕ್ಕದಲ್ಲಿ ಒಂದು ಬೇರೆ ಡಬ್ಬಿ ಇಟ್ಟುಕೊಳ್ಳಿ. ಅನುಮಾನ ಬಂದ ಬೀಜ ಅದಕ್ಕೆ ಬೀಳಲಿ. ಪೇಟೆಗೆ ಕಳಿಸಲು ಅಂಜುವ ಬೀಜವನ್ನು ನಿಮ್ಮ ಮಗುವಿನ ತಟ್ಟೆಗೂ ಹಾಕಬೇಡಿ.